ಹಂಡೆಯ ಮೇಲಿಟ್ಟ ಕೈ

ನನ್ನ ಬಲಗೈಯ ಕಿರುಬೆರಳು ಮತ್ತು ಉಂಗುರ ಬೆರಳು ಅಂಗೈಗೆ ಬಾಗಿಕೊಂಡೇ ಇವೆ. ಹೊಸದಾಗಿ ಪರಿಚಯವಾದವರು ಹುಟ್ಟಿನಿಂದಲೇ ಹೀಗಾ ಎಂದು ಕೇಳುತ್ತಾರೆ. ಇಲ್ಲ, ಬೆಲ್ಲದ ಪಾಕ ಬಿದ್ದು ಹೀಗಾಯಿತು ಎನ್ನುತ್ತೇನೆ. ಅದು ಅರ್ಧ ನಿಜ. ಪಾಕ ಸುಟ್ಟದ್ದು ಚರ್ಮವನ್ನು ಮಾತ್ರ. ಬೆರಳು ಬಾಗಿದ್ದು ನಮ್ಮ ಮನೆಯಲ್ಲಿ, ಮನೆಯವರೆಲ್ಲರ ಕಣ್ಣೆದುರಿಗೆ, ನಿಧಾನವಾಗಿ.

ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗಿದ್ದ ಕಾಲ. ನಾವು ಖಾನಾಪುರದಲ್ಲಿದ್ದೆವು. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಮೂವರು ಹೆಣ್ಣುಮಕ್ಕಳಲ್ಲಿ ನಾನೇ ದೊಡ್ಡವಳು. ಶಿಕ್ಷಕಿಯ ತರಬೇತಿಗೆಂದು ದಿನಾ ಬೆಳಿಗ್ಗೆ ರೈಲು ಹಿಡಿದು ಬೆಳಗಾವಿಗೆ ಹೋಗಿ ಸಂಜೆ ತಿರುಗಿ ಬರುತ್ತಿದ್ದೆ. ಬೋರ್ಡಿನ ಮೇಲೆ ನನ್ನ ಅಕ್ಷರ ಚೆನ್ನಾಗಿ ಬರುತ್ತಿತ್ತು. ಕಾಲೇಜಿನಲ್ಲಿ ಏನಾದರೂ ಸಮಾರಂಭವಿದ್ದರೆ ಸ್ವಾಗತದ ಸಾಲು ಬರೆಯಲು ನನ್ನನ್ನೇ ಕರೆಯುತ್ತಿದ್ದರು. ಅದೊಂದು ಹೆಮ್ಮೆ ನನಗಿತ್ತು.

ಆ ವರ್ಷ ಪಂಚಮಿಗೆ ಅವ್ವ ಶೇಂಗಾ ಉಂಡಿಗೆ ಪಾಕ ಇಟ್ಟಿದ್ದಳು. ಏರುಪಾಕ ಬಂದಿತ್ತು. ನಾನು ಇಕ್ಕಳದಿಂದ ಪಾತ್ರೆ ಇಳಿಸುವಾಗ ಇಕ್ಕಳ ಜಾರಿತು. ಬೀಳುತ್ತಿರುವುದನ್ನು ಹಿಡಿಯುವುದು ಕೈಯ ಸ್ವಭಾವ, ಹಿಡಿಯಿತು. ನೀರಾದರೆ ಹರಿದು ಹೋಗುತ್ತದೆ. ಬೆಲ್ಲದ ಪಾಕ ಹಾಗಲ್ಲ, ಅಂಟಿಕೊಂಡು ಕೂತು ಸುಡುತ್ತದೆ. ಕೈ ಜಾಡಿಸಿದೆ, ಕೂಗಿದೆ. ಪಕ್ಕದ ಮನೆಯವರು ಓಡಿ ಬಂದು, ಸುಟ್ಟದ್ದಕ್ಕೆ ಮಸಿ ತಂಪು ಎಂದು ಮಸಿದೌತಿಯನ್ನೇ ಸುರಿದರು. ಅಪ್ಪ ಕಾರ್ಖಾನೆಯ ಜೀಪು ಕೇಳಿ ತಂದು ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅಲ್ಲಿ ಬಹಳ ದಿನ ಇದ್ದೆ. ತೊಡೆಯ ಚರ್ಮ ತೆಗೆದು ಅಂಗೈಗೆ ಹಚ್ಚಿದರು. ಗಾಯ ಮಾಯಿತು. ಮಾಯಿತೆಂದು ನಾವು ಖುಷಿಪಟ್ಟೆವು. ಆದರೆ ಮಾಯ್ದ ಚರ್ಮ ಬಿಗಿಯಾಗುತ್ತಾ ಬೆರಳುಗಳನ್ನು ಒಳಕ್ಕೆ ಎಳೆಯತೊಡಗಿತು. ಡಾಕ್ಟರು ನೋಡಿ, ಮೊಗಸಾಲೆಯ ಕೊನೆಯಲ್ಲಿದ್ದ ಒಂದು ಕೋಣೆಗೆ ಕಳಿಸಿದರು.

ಆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸನ್ನು ರೋಗಿಗಳೆಲ್ಲ ‘ವ್ಯಾಯಾಮದ ಬಾಯಿ’ ಎನ್ನುತ್ತಿದ್ದರು. ಕೈಕಾಲಿಗೆ ಚಲನೆ ಕಲಿಸುವುದು ಅವರ ಕೆಲಸ. ಮುಂಬಯಿಯಲ್ಲಿ ಓದಿ ಬಂದವರು, ಮನೆಮಾತು ಮರಾಠಿ, ಇಲ್ಲಿಗೆ ಬಂದು ನಮ್ಮ ಕನ್ನಡ ಕಲಿತಿದ್ದರು. ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರೇನಲ್ಲ. ಮೊದಲ ದಿನ ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ಒಂದೊಂದೇ ಬೆರಳನ್ನು ನಿಧಾನವಾಗಿ ಬಿಡಿಸಿ ನೋಡಿದರು. ಬೆರಳು ಇನ್ನೂ ಪೂರ್ತಿ ಬಿಚ್ಚುತ್ತಿದ್ದವು.

“ವ್ಯಾಳ್ಯಾಕ್ಕ ಸರಿಯಾಗಿ ಬಂದೀರಿ,” ಎಂದರು ಅಪ್ಪನಿಗೆ. “ಈಗ ಹಿಂಗ ಬಿಚ್ಚಿದ್ದನ್ನ ಹಿಂಗ ಹಿಡಿದಿಟ್ಟರ ಆತು.”

ಕಪಾಟಿನಿಂದ ಒಂದು ಬಿಳಿ ಹಾಳೆ ತೆಗೆದರು. ತಾಟಿನಷ್ಟು ದಪ್ಪ, ಗಟ್ಟಿ ಪ್ಲಾಸ್ಟಿಕ್ಕು. ಹೊರದೇಶಕ್ಕೆ ಹೋಗಿಬಂದ ಡಾಕ್ಟರೊಬ್ಬರು ತಂದುಕೊಟ್ಟದ್ದಂತೆ. ನನ್ನ ಕೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು, ಆ ಆಕಾರಕ್ಕೆ ಹಾಳೆ ಕತ್ತರಿಸಿ, ಕರೆಂಟಿನ ಒಲೆಯ ಮೇಲಿದ್ದ ಬಿಸಿನೀರಿನ ಟ್ರೇಯಲ್ಲಿ ಬಿಟ್ಟರು. ನೋಡುತ್ತಿದ್ದ ಹಾಗೆ ಬಿಳಿ ಬಣ್ಣ ಹೋಗಿ ಅದು ಗಾಜಿನ ಹಾಗೆ ಪಾರದರ್ಶಕವಾಯಿತು. ಎತ್ತಿದರೆ ನೆನೆದ ಬಟ್ಟೆಯಂತೆ ಜೋತಾಡುತ್ತಿತ್ತು. ಒರೆಸಿ, ತಮ್ಮ ಮೊಣಕೈಗೆ ತಾಗಿಸಿ ನೋಡಿ, ನನ್ನ ಅಂಗೈಗೆ ತಂದರು. ಬಿಸಿ ಕಂಡರೆ ಜೀವ ಹೋಗುತ್ತಿದ್ದ ದಿನಗಳವು. ಕೈ ಹಿಂದಕ್ಕೆ ಎಳೆದುಕೊಂಡೆ.

“ಅಂಜಬ್ಯಾಡ. ಸುಡೂದಿಲ್ಲ. ಕೈ ಸಡ್ಲ ಬಿಡು.”

ಸುಡಲಿಲ್ಲ. ತವೆಯಿಂದ ಇಳಿಸಿ ಸ್ವಲ್ಪ ಆರಿದ ರೊಟ್ಟಿಯಷ್ಟು ಬೆಚ್ಚಗಿತ್ತು. ಅಂಗೈಯ ತಗ್ಗು, ಬೆರಳ ಬುಡ, ಮಣಿಕಟ್ಟು ಎಲ್ಲದಕ್ಕೂ ಒತ್ತಿ ಒತ್ತಿ ಕೂಡಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಬೆಳ್ಳಗಾಗಿ ಗಟ್ಟಿಯಾಯಿತು. ಬಟ್ಟೆಯ ಪಟ್ಟಿಗಳಿಂದ ಕಟ್ಟಿದರು. ಎಷ್ಟೋ ದಿನಗಳ ಮೇಲೆ ನನ್ನ ಅಂಗೈ ತೆರೆದು ನಿಂತಿತ್ತು.

“ಇನ್ನೊಂದ ಮಾತು,” ಎಂದರು. “ಈ ಹಾಳಿಗಿ ನೆನಪಿರ್ತದ.”

ಅಪ್ಪ ನಕ್ಕರು. “ಪ್ಲಾಸ್ಟಿಕ್ಕಿಗಿ ಎಂಥಾ ನೆನಪರೀ ಬಾಯಾರ?”

ಅವರು ಕತ್ತರಿಸಿ ಉಳಿದಿದ್ದ ಒಂದು ಪಟ್ಟಿಯನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ತಮ್ಮ ಬೆರಳಿಗೆ ಸುತ್ತಿದರು. ಆರಿದ ಮೇಲೆ ಅದು ಸುರುಳಿಯಾಗಿ ನಿಂತಿತು. ಅಪ್ಪನ ಕೈಗೆ ಕೊಟ್ಟು, “ನೀವ ಬಿಡಸ್ರಿ ನೋಡೂಣು,” ಎಂದರು. ಅಪ್ಪ ಎಳೆದರೂ ಬಿಡಲಿಲ್ಲ. ಆಮೇಲೆ ಅದನ್ನು ಟ್ರೇಗೆ ಹಾಕಿದರು. ಯಾರೂ ಮುಟ್ಟದೆ, ತಾನಾಗಿ, ಸುರುಳಿ ಬಿಚ್ಚಿಕೊಂಡು ಮೊದಲಿನ ನೇರ ಪಟ್ಟಿಯಾಗಿ ನೀರಿನಲ್ಲಿ ಮಲಗಿತು. ಅಪ್ಪ ಬಗ್ಗಿ ನೋಡುತ್ತಲೇ ಇದ್ದರು.

“ಇದರೊಳಗ ಸಣ್ಣ ಸಣ್ಣ ಎಳಿ ಇರ್ತಾವ್ರಿ, ಒಂದಕ್ಕೊಂದು ಗಂಟ ಬಿದ್ದಿರ್ತಾವ. ಬಿಸಿ ತಾಗಿದರ ಎಳಿ ಸಡ್ಲ ಆಗ್ತಾವ, ಗಂಟ ಬಿಚ್ಚೂದಿಲ್ಲ. ಆ ಗಂಟ ಮತ್ತ ಮದಲಿನ ಜಾಗಾಕ್ಕ ಜಗ್ಗತದ. ಕಾರ್ಖಾನ್ಯಾಗ ಸಪಾಟ ಮಾಡಿರ್ತಾರ, ಅದಕ್ಕ ಬಿಸಿಯಾದರ ಸಪಾಟ ಆಗ್ತದ. ಸಮಜಲಾ?” ಎಂದು ವಿವರಿಸಿ, ನನಗೆ ಬೆರಳು ತೋರಿಸಿ ಹೇಳಿದರು: “ಬಿಸಿಲಾಗ ಇಡಬ್ಯಾಡ. ಒಲಿ ಬಾಜೂಕ ಇಡಬ್ಯಾಡ. ಬಿಸಿನೀರಾಗ ತೊಳೀಬ್ಯಾಡ. ಅಕಸ್ಮಾತ ಸಪಾಟ ಆತು ಅಂದ್ರ ಅಂಜೂ ಕಾರಣಿಲ್ಲ, ನನ್ನ ಕಡೆ ತಾ. ಅದನ್ನ ನಾ ನಿಮಿಷದಾಗ ಮತ್ತ ಕೈ ಮಾಡ್ತೀನಿ. ಆದರ ಹಾಕ್ಕೋಳೂದ ಮಾತ್ರ ಬಿಡಬ್ಯಾಡ. ಸುಟ್ಟ ಚರ್ಮ ವರ್ಷದ ತನಕ ಜಗ್ಗತಿರ್ತದ. ಹಗಲೂ ಬೇಕು, ರಾತ್ರೀನೂ ಬೇಕು.”

ಆ ಮಾತನ್ನು ಅಪ್ಪ ಪೂರ್ತಿ ಕೇಳಿಸಿಕೊಂಡಿದ್ದರು. ಅವ್ವ ತಂಗಿಯರನ್ನು ನೋಡಿಕೊಂಡು ಮನೆಯಲ್ಲಿದ್ದಳು.

ಮನೆಗೆ ಬಂದೆ. ಕಾಲೇಜಿಗೂ ಮತ್ತೆ ಹೋಗತೊಡಗಿದೆ. ತಂಗಿಯರು ಅದಕ್ಕೆ ‘ಪ್ಲಾಸ್ಟಿಕ್ ಕೈ’ ಎಂದು ಹೆಸರಿಟ್ಟರು. ರೈಲಿನಲ್ಲಿ ಜನ ತಿರುತಿರುಗಿ ನೋಡುತ್ತಿದ್ದರು, ಕೆಲವರು ಕೈ ಇಲ್ಲವೇ ಇಲ್ಲವೇನೋ ಎಂದುಕೊಂಡು ಲೊಚಗುಟ್ಟುತ್ತಿದ್ದರು. ನನಗೆ ಬೇಸರವಿರಲಿಲ್ಲ. ಸ್ನಾನಕ್ಕೆ ಬಿಚ್ಚಿದಾಗ ಅಂಗೈಯನ್ನು ಗೋಡೆಗೆ ಒತ್ತಿ ನೋಡುತ್ತಿದ್ದೆ. ಐದೂ ಬೆರಳು ಗೋಡೆಗೆ ಮಲಗುತ್ತಿದ್ದವು.

ಅಂಥದ್ದರಲ್ಲಿ ಹಲಸಿಯಿಂದ ಅತ್ತೆ ಬಂದರು. ಅಪ್ಪನ ಅಕ್ಕ. ಬರುವಾಗಲೇ ಒಂದು ಸಂಬಂಧ ಹೊತ್ತು ತಂದಿದ್ದರು. ಪೀರನವಾಡಿಯ ಮನೆತನ, ನಮ್ಮ ಪೈಕಿಯವರೇ. ಹುಡುಗ ಬೆಳಗಾವಿಯಲ್ಲಿ ಸರ್ಕಾರಿ ಕಚೇರಿಯಲ್ಲಿದ್ದ. ನೋಡಲು ಬರುವ ದಿನವನ್ನೂ ಅವರೇ ಗೊತ್ತು ಮಾಡಿಬಿಟ್ಟಿದ್ದರು.

“ಕೈಗೆ ಆ ಹಲಗಿ ಕಟಗೊಂಡ ಕುಂತರ ಯಾರ ಹೂಂ ಅಂತಾರ?” ಎಂದರು ನನ್ನನ್ನು ನೋಡಿದ ಕೂಡಲೇ. “ಹಿಂದ ಇಬ್ಬರು ತಂಗೇರು ಅದಾರ ಅನ್ನೂದರ ಖಬರ ಐತಿಲ್ಲೊ?”

“ಅತ್ತಿ, ಇದನ್ನ ತಗೀಬಾರದು ಅಂದಾರ.”

“ಕೈ ನೆಟ್ಟಗೈತಲ್ಲ ಈಗ. ಇನ್ನ ಎಷ್ಟ ನೆಟ್ಟಗ ಮಾಡತಿ?”

ಆಮೇಲೆ ಅವ್ವ ಅಡುಗೆಮನೆಯಲ್ಲಿ ನನ್ನ ಗದ್ದ ಹಿಡಿದು ಹೇಳಿದಳು: “ಒಂದ ತಾಸಿನ ಮಾತವಾ. ಅವರು ಹೋದ ಕೂಡ್ಲೆ ಕಟಗೊಳ್ಳವಂತಿ.”

ಒಂದು ತಾಸು ಎಂದರೆ ಏನೂ ಅಲ್ಲ ಎಂದು ನನಗೂ ಅನ್ನಿಸಿತು. ಬಿಚ್ಚಿ ಕೊಟ್ಟೆ.

ಪೀರನವಾಡಿಯವರು ಬಂದರು. ನಾನು ಸೆರಗಿನಲ್ಲಿ ಅಂಗೈ ಮರೆಮಾಡಿ ಚಹಾದ ತಾಟು ಹಿಡಿದೆ. ಕೈಯ ಹಿಂಬದಿಗೆ ಏನೂ ಆಗಿರಲಿಲ್ಲವಲ್ಲ, ಯಾರಿಗೂ ಗೊತ್ತಾಗಲಿಲ್ಲ. ಹುಡುಗನ ತಾಯಿ ದಪ್ಪ ಕನ್ನಡಕದ, ಮೆಲುಮಾತಿನ ಹೆಂಗಸು. ಎಷ್ಟನೇ ವರ್ಷ ಓದುತ್ತಿ, ಎಲ್ಲಿಗೆ ಕೆಲಸ ಸಿಗಬಹುದು ಎಂದೆಲ್ಲ ವಿಚಾರಿಸಿದರು. ಹುಡುಗ ಒಂದು ಸಲ ನನ್ನತ್ತ ನೋಡಿ ನಕ್ಕ. ನನಗೂ ಆತ ಹಿಡಿಸಿದ. ಒಪ್ಪಿಗೆಯ ಮಾತಾಡಿಯೇ ಅವರು ಎದ್ದರು.

ಅವರು ಹೋದ ಮೇಲೆ ಪ್ಲಾಸ್ಟಿಕ್ ಕೈ ಕೇಳಿದೆ. ಅವ್ವ ಮುಸುರೆ ತಿಕ್ಕುತ್ತಿದ್ದಳು. ತಲೆ ಎತ್ತಲಿಲ್ಲ.

“ಹಿತ್ತಲದಾಗ ಇಟ್ಟಿದ್ನೆವಾ. ನಾಯಿ ಕಚಗೊಂಡ ಹೋತು.”

ನಾನು ಹಿತ್ತಲಿನಲ್ಲಿ ಹುಡುಕಿದೆ. ಗಟಾರದಲ್ಲಿ ಕೋಲು ಹಾಕಿ ನೋಡಿದೆ. ಓಣಿಯ ಕೊನೆಯ ತಿಪ್ಪೆಯವರೆಗೆ ಹೋದೆ. ಓಣಿಯ ನಾಯಿಗಳ ಹಿಂದೆ ಹುಚ್ಚಿಯ ಹಾಗೆ ಅಲೆದೆ. ಸಿಗಲಿಲ್ಲ. ಹಾಗಾದರೆ ನಾಳೆ ಬೆಳಗಾವಿಗೆ ಹೋಗಿ ಬೇರೆ ಮಾಡಿಸಿಕೊಂಡು ಬರುತ್ತೇನೆ ಎಂದೆ.

“ಈಗ ಬ್ಯಾಡ,” ಎಂದರು ಅತ್ತೆ. “ಅವರ ಮಂದಿ ದವಾಖಾನಿ ಬಾಜೂದ ಓಣ್ಯಾಗ ಅದಾರ. ಯಾರರೆ ನೋಡಿದರ ಮುಗೀತು. ನಿಶ್ಚಯ ಆಗಲಿ, ಆಮ್ಯಾಲ ಹೋಗಾಕ ಬರ್ತೈತಿ.”

ಕಾಲೇಜಿಗೂ ಹೋಗಬೇಡ ಎಂದರು. ಹುಡುಗ ಕಚೇರಿಯ ಕೆಲಸಕ್ಕೆಂದು ಆಗಾಗ ಅದೇ ರೈಲಿನಲ್ಲಿ ಖಾನಾಪುರದ ಕಡೆ ಬಂದು ಹೋಗುವುದಿತ್ತಂತೆ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಪಂಚಾಂಗ ನೋಡುತ್ತಿದ್ದರು. ಆಷಾಢಕ್ಕೆ ಮೊದಲು ಮದುವೆ ಮುಗಿಸಬೇಕೆಂಬ ಮಾತಿಗೆ ಮನೆಯಲ್ಲಿ ಎಲ್ಲರೂ ತಲೆಯಾಡಿಸುತ್ತಿದ್ದರು. ನಿಶ್ಚಯ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಅವರ ಮನೆಯಲ್ಲಿ ಒಂದು ಸಾವಾಯಿತು, ಆಮೇಲೆ ಮುಹೂರ್ತ ಸರಿಹೋಗಲಿಲ್ಲ, ಆಮೇಲೆ ಇನ್ನೇನೋ.

ಆ ತಿಂಗಳುಗಳಲ್ಲಿ ಚರ್ಮ ತನ್ನ ಕೆಲಸ ಮಾಡಿತು. ಮೊದಲು ಕಿರುಬೆರಳು ಗೋಡೆಯಿಂದ ಎದ್ದು ನಿಂತಿತು. ಆಮೇಲೆ ಉಂಗುರ ಬೆರಳು, ಕೊನೆಗೆ ನಡುಬೆರಳು, ತೋರುಬೆರಳು ಕೂಡ. ಮಾಯ್ದ ಗಾಯ ಕೆಂಪಗೆ ಉಬ್ಬಿ ಹಗ್ಗದ ಹಾಗಾಯಿತು. ನನ್ನ ಮರದ ಪಟ್ಟಿಯನ್ನೇ, ಗೆರೆ ಹಾಕುವ ಪಟ್ಟಿಯನ್ನು, ಬೆರಳ ಕೆಳಗಿಟ್ಟು ಹಳೇ ಸೀರೆಯ ಅಂಚಿನಿಂದ ಬಿಗಿದೆ. ಬೆರಳಿನ ಗೆಣ್ಣಿಗೆ ಹುಣ್ಣಾಯಿತು, ಬಿಚ್ಚಬೇಕಾಯಿತು. ಮುಖ ತೊಳೆಯಲು ಬೊಗಸೆ ಹಿಡಿದರೆ ನೀರು ನಿಲ್ಲುತ್ತಿರಲಿಲ್ಲ. ಅವ್ವನಿಗೆ ದಿನವೂ ತೋರಿಸುತ್ತಿದ್ದೆ. ಆಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ತಿಕ್ಕುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಯಾಕೆಂದು ಆಗ ನನಗೆ ಹೊಳೆಯಲಿಲ್ಲ.

ಕಡೆಗೂ ನಿಶ್ಚಯದ ದಿನ ಬಂತು. ನಮ್ಮ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಮಠದ ಅಯ್ಯನವರು ಬಂದು ಕೂತಿದ್ದರು. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೋ, ಉಂಗುರಕ್ಕೆ ಎಡಗೈ ಕೊಡು ಎಂದು ಅವ್ವ ಮೊದಲೇ ಹೇಳಿದ್ದಳು. ಹಾಗೆಯೇ ಮಾಡಿದೆ.

ಹುಡುಗನ ತಾಯಿ ನನ್ನೆದುರು ಕೂತು ಉಂಗುರ ಹಿಡಿದುಕೊಂಡು ನಕ್ಕರು. “ಎಡಗೈ ಬ್ಯಾಡವಾ, ಬಲಗೈ ಕೊಡು.”

ನಾನು ಅವ್ವನತ್ತ ನೋಡಿದೆ. ಅವ್ವ ನೆಲ ನೋಡುತ್ತಿದ್ದಳು. ಸೆರಗಿನಿಂದ ಬಲಗೈ ತೆಗೆದು ಮುಂದೆ ಚಾಚಿದೆ. ಹೆಬ್ಬೆರಳೊಂದನ್ನು ಬಿಟ್ಟು ಉಳಿದವೆಲ್ಲ ಮುಷ್ಟಿಯ ಹಾಗೆ ಮಡಿಚಿಕೊಂಡಿದ್ದವು. ನಾಚಿಕೆಯಿಂದ ಮುಷ್ಟಿ ಹಿಡಿದಿದ್ದೇನೆ ಎಂದುಕೊಂಡರು ಅವರು.

“ಬಳ್ಳ ಬಿಡಸವಾ,” ಎಂದು ನನ್ನ ಬೆರಳುಗಳನ್ನು ಮೆಲ್ಲಗೆ ತಟ್ಟಿದರು.

“ಬಿಡೂದಿಲ್ರಿ.”

“ಅಂದ್ರ?”

“ಬಿಡೂದಿಲ್ರಿ ಅವು.”

ಅವರು ನನ್ನ ಕೈಯನ್ನು ತಿರುಗಿಸಿ ಅಂಗೈ ನೋಡಿದರು. ಒರಟಾಗಿ ಅಲ್ಲ, ಮೆಲ್ಲಗೆ. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು. ಆಮೇಲೆ ಅವ್ವನಿಗೆ ಕೇಳಿದರು:

“ಇದನ್ನ ಯಾಕ ಮುಚ್ಚಿಟ್ರಿ?”

ಅತ್ತೆ ನಡುವೆ ಬಂದು, “ಇಕಿದ ಸಣ್ಣ ಗಾಯರೀ, ಮದವಿ ಅನ್ನೂದ್ರಾಗ ಕಮ್ಮಿ ಆಗ್ತೈತಿ,” ಎಂದರು.

“ಗಾಯದ ಮಾತಲ್ರಿ. ಹೇಳಿದ್ರ ನಾವ ಒಲ್ಲೆ ಅಂತಿದ್ವಿ ಅಂತ ನಿಮಗ ಹೆಂಗ ಗೊತ್ತು? ಕೇಳಬೇಕಿತ್ತಿಲ್ಲೊ?”

ಉಂಗುರವನ್ನು ಡಬ್ಬಿಯಲ್ಲಿಟ್ಟು ಎದ್ದರು. ಹುಡುಗನೂ ಎದ್ದ. ಅವರು ಬೈಯಲಿಲ್ಲ, ಕೂಗಾಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದರು. ಹೇಳಿದ್ದರೆ ಅವರು ಒಪ್ಪುತ್ತಿದ್ದರೇ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಬೈದು ಹೋಗಿದ್ದರೆ ಮರೆತುಬಿಡಬಹುದಿತ್ತು.

ಅತ್ತೆ ಅಪ್ಪನ ಮೇಲೆ ರೇಗಿದರು, ಅಪ್ಪ ಅವ್ವನ ಮೇಲೆ. ಅವ್ವ ನನ್ನ ಮೇಲೆ ತಿರುಗಿದಳು. ಒಳಗೆ ಹೋಗಿ ಜೋಳದ ಡಬ್ಬಿಯ ಹಿಂದಿನಿಂದ ಏನೋ ಎಳೆದು ತಂದು ನನ್ನ ಮುಂದೆ ಒಗೆದಳು. ಕೈಯಾಕಾರದಲ್ಲಿ ಕತ್ತರಿಸಿದ, ಸಪಾಟಾದ ಬಿಳಿ ಪ್ಲಾಸ್ಟಿಕ್ಕು. ಬಟ್ಟೆಯ ಪಟ್ಟಿಗಳು ಅದರಲ್ಲೇ ಇದ್ದವು.

“ತಗೋ ನಿನ್ನ ಕೈ! ಇದರ ಸಂಬಂಧ ಇಷ್ಟೆಲ್ಲಾ ಆತು!”

ಅಳುತ್ತಳುತ್ತ ಹೇಳಿದಳು. ನೋಡಲು ಬಂದವರ ಕಣ್ಣಿಗೆ ಬೀಳಬಾರದೆಂದು ಅವತ್ತು ಗಡಿಬಿಡಿಯಲ್ಲಿ ಅದನ್ನು ಬಚ್ಚಲುಮನೆಯ ಹಂಡೆಯ ಮುಚ್ಚಳದ ಮೇಲೆ ಇಟ್ಟಿದ್ದಳಂತೆ. ಒಲೆ ಉರಿಯುತ್ತಿತ್ತು, ನೀರು ಕುದಿಯುತ್ತಿತ್ತು. ಆಮೇಲೆ ಹೋಗಿ ನೋಡಿದರೆ ಅದು ಗಾಜಿನಂತಾಗಿ ಹಪ್ಪಳದ ಹಾಗೆ ಚಪ್ಪಟೆ ಬಿದ್ದಿತ್ತು. ಕೋಲಿನಿಂದ ಎಳೆದು ತಣ್ಣೀರು ಸುರಿದಳು. ಹೊರದೇಶದ ವಸ್ತು ಹಾಳುಮಾಡಿದೆನಲ್ಲ ಎಂದು ಹೆದರಿ ಬಚ್ಚಿಟ್ಟಳು. ನಾಯಿಯ ಕಥೆ ಕಟ್ಟಿದಳು.

“ಅದು ಹಾಳಾಗಿರಲಿಲ್ಲ ಅವ್ವಾ,” ಎಂದೆ. “ಅವತ್ತ ಕೊಟ್ಟಿದ್ದರ ನಿಮಿಷದಾಗ ಮತ್ತ ಮಾಡಿ ಕೊಡ್ತಿದ್ದರು. ಅಪ್ಪಾ, ನೀ ಕೇಳೀದಿ. ಬಾಯಾರು ಹೇಳೂ ಮುಂದ ನೀ ಬಾಜೂಕ ಇದ್ದಿ. ಅವ್ವಗ ಹೇಳಲಿಲ್ಲ?”

ಅಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. “ಹಂಗ ಅಂದಿದ್ರೇನು? ನನ್ನ ಲಕ್ಷ್ಯದಾಗ ಉಳೀಲಿಲ್ಲ ನೋಡು.”

“ಇದು ಇಲ್ಲೇ ಇದ್ದದ್ದು ನಿನಗ ಗೊತ್ತಿತ್ತೇನು?”

ಅಪ್ಪ ಎದ್ದು ಹೊರಗೆ ಹೋದರು. ಗೊತ್ತಿತ್ತು ಎಂದು ಅದರಿಂದ ತಿಳಿಯಿತು.

ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ಆ ಹಾಳೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ರೈಲು ಹತ್ತಿದೆ. ಬಾಯಿಯವರು ನನ್ನ ಕೈ ಹಿಡಿದು ಬೆರಳು ಬಿಡಿಸಲು ನೋಡಿದರು. ಅವರ ಮುಖ ಕೆಂಪಾಯಿತು.

“ಎಲ್ಲಿದ್ದಿ ಇಷ್ಟ ದಿನಾ? ಏನಂತ ಹೇಳಿದ್ದೆ ನಾ?”

ಎಲ್ಲವನ್ನೂ ಹೇಳಿದೆ. ಅವರು ಬೈಯುವುದನ್ನು ನಿಲ್ಲಿಸಿ ಟ್ರೇಗೆ ನೀರಿಟ್ಟರು. ಹಾಳೆ ಮತ್ತೆ ಮೆತ್ತಗಾಯಿತು. ಮೊದಲ ದಿನ ಆಗಿದ್ದಷ್ಟೇ ಸಲೀಸಾಗಿ. ಆದರೆ ಈಗ ಅದನ್ನು ನೆಟ್ಟಗಿನ ಕೈಗೆ ಕೂಡಿಸಲು ಆಗುತ್ತಿರಲಿಲ್ಲ, ನೆಟ್ಟಗಿನ ಕೈಯೇ ಇರಲಿಲ್ಲವಲ್ಲ. ಬಾಗಿದ ಬೆರಳುಗಳು ಎಷ್ಟು ತಡೆದುಕೊಳ್ಳುತ್ತವೋ ಅಷ್ಟೇ ಬಿಡಿಸಿ, ಆ ಬಾಗಿಗೆ ಕೂಡಿಸಿದರು. ಮುಂದಿನ ವಾರ ಅದನ್ನೇ ಬಿಸಿ ಮಾಡಿ ಸಪಾಟ ಮಾಡಿ, ಇನ್ನಷ್ಟು ಬಿಡಿಸಿ, ಮತ್ತೆ ಕೂಡಿಸಿದರು. ಹೀಗೆ ಎಷ್ಟು ವಾರವೋ. ಪ್ರತಿ ಸಲವೂ ಕಣ್ಣಲ್ಲಿ ನೀರು ಬರುತ್ತಿತ್ತು. ಹಾಳೆ ಒಂದು ಸಲವೂ ಸೋಲಲಿಲ್ಲ. ಆಮೇಲೆ ಡಾಕ್ಟರು ಇನ್ನೊಮ್ಮೆ ಕೊಯ್ದು ಚರ್ಮ ಸಡಿಲ ಮಾಡಿದರು. ತೋರುಬೆರಳು ಮತ್ತು ನಡುಬೆರಳು ಬಂದವು. ಉಳಿದೆರಡರ ಕೀಲುಗಳೇ ಬಿಗಿದುಹೋಗಿದ್ದವು.

“ಒಂದ ತಿಂಗಳ ಮದಲ ಬಂದಿದ್ದರೂ ನಡೀತಿತ್ತು,” ಎಂದರು ಬಾಯಿಯವರು ಒಂದು ದಿನ. ಹೇಳಬಾರದಿತ್ತು ಎನ್ನಿಸಿತೇನೋ, ಪಟ್ಟಿ ಕಟ್ಟುವ ನೆಪದಲ್ಲಿ ತಲೆ ಬಗ್ಗಿಸಿದರು. ಅದಾಗಿ ಕೆಲ ಕಾಲಕ್ಕೆ ಅವರು ಮುಂಬಯಿಗೆ ಹೋದರು. ಆ ಕೋಣೆಗೆ ಬೀಗ ಬಿತ್ತು.

ನನ್ನ ತರಬೇತಿಯ ಒಂದು ವರ್ಷ ಹೋಗಿತ್ತು. ಮತ್ತೆ ಸೇರಿಕೊಂಡು ಎಡಗೈಯಲ್ಲಿ ಬರೆಯುವುದನ್ನು ಮಕ್ಕಳ ಹಾಗೆ ಕಲಿತೆ. ಪಾಸಾದೆ. ಕಣಕುಂಬಿಯ ಶಾಲೆಗೆ ಹಾಕಿದರು. ಯಾರೂ ಹೋಗಲು ಒಪ್ಪದ ಊರು ಅದು, ಹಾಗಾಗಿ ಬೇಗ ಸಿಕ್ಕಿತು. ನನ್ನ ಎಡಗೈಯ ಅಕ್ಷರ ಓದಲು ಬರುತ್ತದೆ, ಅಷ್ಟೇ. ಸ್ವಾಗತದ ಸಾಲು ಬರೆಯಲು ಯಾರೂ ಕರೆಯಲಿಲ್ಲ. ತಂಗಿಯರಿಬ್ಬರ ಮದುವೆ ಚೆನ್ನಾಗಿಯೇ ಆಯಿತು. ನನಗೆ ಇನ್ನೊಂದು ಸಂಬಂಧವನ್ನು ಯಾರೂ ತರಲಿಲ್ಲ, ನಾನೂ ಕೇಳಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ಬೆಳಗಾವಿಯಲ್ಲಿ ಸಣ್ಣ ತಂಗಿಯ ಮಗುವಿನ ತೊಟ್ಟಿಲ ಕಾರ್ಯಕ್ರಮ. ನಾನು ಕಣಕುಂಬಿಯಿಂದ ಬಸ್ಸಿನಲ್ಲಿ ಬಂದಿದ್ದೆ. ಪಡಸಾಲೆಯ ತುಂಬ ಹೆಂಗಸರು. ಯಾರೋ ನನ್ನ ಕೈ ನೋಡಿ ಅವ್ವನಿಗೆ ಕೇಳಿದರು. ನಾನು ಬಾಗಿಲ ಆಚೆಗಿದ್ದೆ.

“ಏನ ಮಾಡೂದರೀ,” ಎನ್ನುತ್ತಿದ್ದಳು ಅವ್ವ. “ಚಂದ ಮಾಯ್ದಿತ್ತು. ದವಾಖಾನ್ಯಾಗ ಒಬ್ಬಾಕಿ ಮರಾಠಿ ಬಾಯಿ ಇದ್ದಳು. ಬಿಸಿ ಪ್ಲಾಸ್ಟಿಕ್ಕ ತಂದ ಕೈಗೆ ಬಡದಳ್ರಿ. ಅದ ಹತ್ತಿ ಬಳ್ಳ ಜಗಕೊಂಡ ಬಿಟ್ಟವು.”

ಹೆಂಗಸರು ಲೊಚಗುಟ್ಟಿದರು. ಆಕೆ ಎಷ್ಟು ಸರಾಗವಾಗಿ ಹೇಳಿದಳೆಂದರೆ, ಹೇಳಿ ಹೇಳಿ ರೂಢಿಯಾದ ಮಾತು ಅದೆಂದು ಗೊತ್ತಾಗುತ್ತಿತ್ತು. ಎಷ್ಟು ಮನೆಗಳಲ್ಲಿ, ಎಷ್ಟು ವರ್ಷದಿಂದ ಹೇಳುತ್ತ ಬಂದಿದ್ದಳೋ.

ಮಂದಿ ಊಟಕ್ಕೆ ಎದ್ದಾಗ ಆಕೆಯನ್ನು ಒಳಕೋಣೆಗೆ ಕರೆದೆ.

“ಯಾಕ ಸುಳ್ಳ ಹೇಳತಿ ಅವ್ವಾ? ಆಕಿ ನನಗ ಏನ ಕೆಟ್ಟ ಮಾಡ್ಯಾಳ?”

ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತಳು. ಮುದುಕಿಯಾಗಿದ್ದಳು. ನನಗೆ ಕನಿಕರ ಬರಬೇಕಿತ್ತು. ಬರಲಿಲ್ಲ.

“ಮತ್ತೇನಂತ ಹೇಳಲಿ?” ಎಂದಳು. “ಹಡದಾಕೀನ ಮಗಳ ಕೈ ಕೆಡಿಸಿದಳು ಅಂತ ಹೇಳಲೇನು ಮಂದಿ ಮುಂದ?”

“ಹೂಂ. ಹಂಗ ಹೇಳು.”

ಹೊರಗಿನಿಂದ ಯಾರೋ ಕರೆದರು. “ಬಂದ್ನೆರಿ,” ಎಂದು ಕೂಗಿ, ಊಟಕ್ಕೆ ಬಡಿಸಲು ಹೋದಳು.

ಅದಾದ ಮೇಲೆ ಆಕೆ ಬಹಳ ವರ್ಷ ಬದುಕಿದಳು. ರಜೆಗೆ ಹೋದಾಗಲೆಲ್ಲ ನಾನೇ ಆಕೆಯ ತಲೆ ಬಾಚುತ್ತಿದ್ದೆ, ಔಷಧಿ ಕೊಡುತ್ತಿದ್ದೆ. ಬಾಯಿಯವರ ಮೇಲೆ ಹೊರಿಸಿದ ಆ ಮಾತನ್ನು ಮಾತ್ರ ಆಕೆ ಬದಲಿಸಲಿಲ್ಲ.